ಏವಿಯೇಟರ್, ವೇಫೇರರ್: ಎರಡನ್ನೂ ಹಾಕಿ ಜುವಾರಿ ಸೇತುವೆ ದಾಟಿದ ಮೇಲೆ

ವಾಸ್ಕೋದಿಂದ ಪಣಜಿಗೆ ದಿನಾ ಸ್ಕೂಟರ್‌ನಲ್ಲಿ ಹೋಗಿ ಬರುತ್ತೇನೆ. ಸಂಜೆ ವಾಪಸ್ ಬರುವಾಗ ಜುವಾರಿ ಸೇತುವೆ ಮೇಲೆ ಬಲಗಡೆಯಿಂದ ಬಿಸಿಲು ಹೊಡೆಯುತ್ತದೆ, ನೀರೂ ಕಣ್ಣು ಕುಕ್ಕುತ್ತದೆ. ಅದಕ್ಕೇ ಎರಡು ಬಗೆಯ ತಂಪು ಕನ್ನಡಕ ಹಾಕಿ ನೋಡಿದೆ: ಮಾರ್ಚ್ ಪೂರ್ತಿ ಏವಿಯೇಟರ್, ಏಪ್ರಿಲ್ ಪೂರ್ತಿ ವೇಫೇರರ್.

ಮೊದಲು ಹೆಲ್ಮೆಟ್ ವಿಷಯ. ವೇಫೇರರ್ ಕಡ್ಡಿ ದಪ್ಪ. ಹೆಲ್ಮೆಟ್ ಒಳಗೆ ತೂರಿಸೋಕೆ ಒದ್ದಾಡಬೇಕು, ಕುಠ್ಠಾಳಿ ಬರುವಷ್ಟರಲ್ಲಿ ಕಿವಿ ಮೇಲ್ಗಡೆ ನೋವು ಶುರು. ಏವಿಯೇಟರ್ ಕಡ್ಡಿ ತಂತಿಯಷ್ಟು ತೆಳು, ಸುಮ್ನೆ ಜಾರಿಕೊಂಡು ಹೋಗುತ್ತದೆ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಅದರ ಗಾಜಿನ ಆಕಾರ. ಬಾಶ್ ಆ್ಯಂಡ್ ಲಾಂಬ್ ಕಂಪನಿ 1937ರಲ್ಲಿ ಇದನ್ನು ರೇ-ಬ್ಯಾನ್ ಹೆಸರಲ್ಲಿ ಮಾರಾಟಕ್ಕೆ ತಂದಿತು. ಮಾಡಿದ್ದು ಪೈಲಟ್‌ಗಳಿಗಾಗಿ. ಅವರು ಎದುರಿನ ಆಕಾಶವನ್ನೂ ನೋಡಬೇಕು, ಕಣ್ಣು ಕೆಳಗಿಳಿಸಿ ಮೀಟರುಗಳನ್ನೂ ನೋಡಬೇಕು. ಅದಕ್ಕೇ ಗಾಜು ಕೆನ್ನೆ ಕಡೆಗೆ ಇಳಿದ ಹನಿಯ ಹಾಗಿದೆ. ಸ್ಕೂಟರ್ ಮೇಲೆ ನನ್ನ ಕಣ್ಣಿಗೂ ಅದೇ ಕೆಲಸ ಅಲ್ವಾ? ರಸ್ತೆ, ಮೀಟರು, ಮತ್ತೆ ರಸ್ತೆ. ಏವಿಯೇಟರ್‌ನಲ್ಲಿ ಎಲ್ಲೂ ಅಂಚು ಅಡ್ಡ ಬರಲಿಲ್ಲ. ವೇಫೇರರ್‌ನಲ್ಲಿ ಕೆಳಗೆ ನೋಡಿದಾಗಲೆಲ್ಲ ದಪ್ಪ ಕಪ್ಪು ಫ್ರೇಮು ಕಾಣುತ್ತಿತ್ತು.

ಹಾಗಂತ 1952ರ ವೇಫೇರರ್ ಕಡಿಮೆಯದಲ್ಲ. ಸೇತುವೆ ಮೇಲೆ ಗೆದ್ದದ್ದು ಅದೇ. ಪಕ್ಕದ ಬಿಸಿಲನ್ನು ಆ ದಪ್ಪ ಕಡ್ಡಿಯೇ ತಡೆಯುತ್ತದೆ. ಏವಿಯೇಟರ್‌ನಲ್ಲಿ ಬಲಗಣ್ಣಿನ ಮೂಲೆಯಿಂದ ಬೆಳಕು ನುಗ್ಗುತ್ತದೆ. ಬೆವರಿದರೆ ಮೂಗಿನ ಮೇಲೆ ಜಾರುತ್ತದೆ ಕೂಡ. ಮೂರೇ ವಾರಕ್ಕೆ ಮೂಗಿನ ಪ್ಯಾಡಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಡಲ ಗಾಳಿ, ಬೆವರು ಎರಡೂ ಸೇರಿದರೆ ಇನ್ನೇನಾಗುತ್ತದೆ? ಹಳೇ ಟೂತ್‌ಬ್ರಶ್‌ಗೆ ಸೋಪು ನೀರು ಹಾಕಿ ಉಜ್ಜಿದೆ, ಹೋಯಿತು.

ಬೀಚ್ ಹತ್ತಿರ 150 ರೂಪಾಯಿಗೆ ಸಿಗುವ ಏವಿಯೇಟರನ್ನೂ ಎರಡು ದಿನ ಹಾಕಿದ್ದೆ. ವಾಸ್ಕೋದಲ್ಲಿ ಚಷ್ಮಾ ಅಂಗಡಿ ಇಟ್ಟಿರುವ ಬೆಳಗಾವಿಯ ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಕಪ್ಪ್ ಐತಿ ಅಂತ ತಗೋಬ್ಯಾಡ್ರಿ, ಯುವಿ 400 ಐತಿಲ್ಲೋ ಕೇಳ್ರಿ” ಅಂದರು. ಯುವಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ; ಅದನ್ನು ತಡೆಯುವ ಗಾಜಿಗೆ ಯುವಿ 400 ಅನ್ನುತ್ತಾರೆ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಗಾಜು ಯುವಿ ತಡೆಯದಿದ್ದರೆ ಅದು ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಅವತ್ತೇ ಅದನ್ನು ಬಿಸಾಕಿದೆ.

ಈಗ ನನ್ನ ಮುಖದ ಮೇಲೆ ಏವಿಯೇಟರ್ ಇದೆ. ಗಾಜು ಜಿ-15, ಅಂದರೆ ಬೆಳಕಿನಲ್ಲಿ ಸುಮಾರು 15 ಪರ್ಸೆಂಟ್ ಮಾತ್ರ ಒಳಗೆ ಬಿಡುವ ಹಸಿರು. ಬ್ರೇಕ್ ಲೈಟಿನ ಕೆಂಪು ಕೆಂಪಾಗೇ ಕಾಣುತ್ತದೆ. ವೇಫೇರರ್ ತಮ್ಮನಿಗೆ ಕೊಟ್ಟೆ. ಅವನು ಕದಂಬ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವವನು, ಹೆಲ್ಮೆಟ್ ಕಾಟವಿಲ್ಲ.