ಪೇಂಟ್ ಡಬ್ಬಿ ಓಪನರ್: 6 ವರ್ಷ ಬಳಸಿದ ಮೇಲೆ ಬರೆಯುತ್ತಿರುವ ಅಭಿಪ್ರಾಯ

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವುದು ನನ್ನ ಕೆಲಸ. 18 ವರ್ಷವಾಯಿತು. ಅಂಗಡಿ ಬೋರ್ಡಿನ ಕೆಲಸವೆಲ್ಲ ಫ್ಲೆಕ್ಸ್‌ನವರ ಕೈಗೆ ಹೋಯಿತು. ಆದರೆ ನಮ್ಮ ಭತ್ತದ ಸೀಮೆಯ ರೈತರು ಟ್ರೇಲರ್ ಮೇಲೆ ಇನ್ನೂ ಕೈಯಲ್ಲೇ ಬರೆಸುತ್ತಾರೆ. ಹಿಂದಿನ ಬಾಗಿಲಿಗೆ ಮನೆದೇವರ ಹೆಸರು, ಪಕ್ಕಕ್ಕೆ ಮಕ್ಕಳ ಹೆಸರು, ಕೆಳಗೆ ಕೆಎ 36 ನಂಬರ್. ಟ್ರೇಲರ್ ಮೈಗೆ ಹೊಡೆಯುವ ಕೆಂಪು, ನೀಲಿ ಬಣ್ಣ 4 ಲೀಟರ್ ಡಬ್ಬಿಯಲ್ಲಿ ತರುತ್ತೇನೆ. ಎರಡು ದಿನದಲ್ಲಿ ಖಾಲಿ. ಅಕ್ಷರದ ಬಣ್ಣ ಹಾಗಲ್ಲ. ಹಳದಿ, ಬಿಳಿ, ಕಪ್ಪು ಎಲ್ಲ 200 ಮಿಲಿ, 500 ಮಿಲಿಯ ಸಣ್ಣ ಡಬ್ಬಿಗಳು. ಒಂದು ಹೆಸರಿಗೆ ಎರಡು ಚಮಚ ಬಣ್ಣ ಸಾಕು. ಹಾಗಾಗಿ ಒಂದೇ ಡಬ್ಬಿಯನ್ನು ಇಪ್ಪತ್ತು, ಮೂವತ್ತು ಸಲ ತೆಗೆದು ಮುಚ್ಚುತ್ತೇನೆ.

ಆ ಮುಚ್ಚಳ ತೆಗೆಯುವ ಸಾಮಾನಿನ ಬಗ್ಗೆಯೇ ಈ ಬರಹ. ಪೇಂಟ್ ಡಬ್ಬಿ ಓಪನರ್ ಅಂತಾರೆ. ನಮ್ಮ ಶೆಡ್ಡಿನಲ್ಲಿ ಸುಮ್ನೆ ಕೊಕ್ಕಿ ಅಂತೀವಿ. ಗೇಣಿಗಿಂತ ಚಿಕ್ಕದು, ಸುಮಾರು 11 ಸೆಂಟಿಮೀಟರ್ ಉದ್ದದ ದಪ್ಪ ಉಕ್ಕಿನ ತಂತಿ. ಒಂದು ತುದಿ ಉಂಗುರದ ಹಾಗೆ ಸುತ್ತಿಕೊಂಡಿದೆ. ಇನ್ನೊಂದು ತುದಿಯನ್ನು ತಟ್ಟಿ ಚಪ್ಪಟೆ ಮಾಡಿ, ಹಕ್ಕಿಯ ಕೊಕ್ಕಿನ ಹಾಗೆ ಬಗ್ಗಿಸಿದ್ದಾರೆ. ನಾನು ಕೊಟ್ಟದ್ದು 30 ರೂಪಾಯಿ.

ಇದು ಬರುವ ಮೊದಲು 12 ವರ್ಷ ಸ್ಕ್ರೂಡ್ರೈವರ್‌ನಲ್ಲೇ ತೆಗೆಯುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ? ಒಂದು ಸಲ ಅದು ಜಾರಿ ಎಡಗೈ ಅಂಗೈಗೆ ಚುಚ್ಚಿತು. ಹೆಬ್ಬೆರಳ ಬುಡದಲ್ಲಿ ಗುರುತು ಇನ್ನೂ ಇದೆ. ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯಿಂದ ಅದರ ಕಡೆಗೇ ಒತ್ತುತ್ತೇವೆ. ಜಾರಿದರೆ ಹೋಗುವ ಜಾಗ ಅದೊಂದೇ. ಕೆಲಸ ಕಲಿಯುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಗಾಯ ವಾಸಿಯಾಯಿತು. ಬಣ್ಣ ಹಾಳಾಗುವುದು ಮಾತ್ರ ನಿಲ್ಲಲಿಲ್ಲ. ಅದು ಮುಚ್ಚಳದಿಂದ ಅಂತ ನನಗೆ ಬಹಳ ದಿನ ಹೊಳೆಯಲೇ ಇಲ್ಲ.

ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ ಬರುತ್ತದೆ. ಅದಕ್ಕೆ ಮುಂಚೆ ನಮಗೆ ಕೆಲಸ ಜಾಸ್ತಿ. ಸ್ಕ್ರೂಡ್ರೈವರ್ ಕಾಲದ ಒಂದು ವರ್ಷ ಹಿರಿಯರೊಬ್ಬರು ಹೊಸ ಟ್ರೇಲರ್ ತಂದು ನಿಲ್ಲಿಸಿದರು. ನಾಳೆಯೇ ಬೇಕು ಅಂದರು. ರಾತ್ರಿ ಬಲ್ಬು ಹಾಕಿಕೊಂಡು ಬರೆದೆ. ಅರ್ಧ ಉಳಿದಿದ್ದ ಹಳದಿ ಡಬ್ಬಿ ತೆಗೆದಾಗ ಮೇಲೆ ಹಾಲಿನ ಕೆನೆಯ ಹಾಗೆ ದಪ್ಪ ಪದರ ಕಟ್ಟಿತ್ತು. ಕಡ್ಡಿಯಿಂದ ಎತ್ತಿ ಎಸೆದೆ. ಸ್ವಲ್ಪ ಒಡೆದು ಒಳಗೂ ಬಿತ್ತು. ಟರ್ಪೆಂಟೈನ್ ಹಾಕಿ ಕಲಸಿದರೆ ಕರಗುತ್ತದೆ ಅಂದುಕೊಂಡೆ. ಕರಗಲಿಲ್ಲ. ಬೆಳಿಗ್ಗೆ ಬಿಸಿಲಲ್ಲಿ ನೋಡಿದರೆ ಅಕ್ಷರದ ತುಂಬ ಸಣ್ಣ ಸಣ್ಣ ಗುಳ್ಳೆ. ಆ ಹಿರಿಯರು ಬೈಯಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿ, "ಏನಪ್ಪಾ, ದ್ಯಾವರ ಹೆಸರಿಗೆ ಸಿಡುಬು ಬಂದಂಗ ಆಗೈತಲ್ಲ" ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಉಜ್ಜಿ ತೆಗೆದು, ಹೊಸ ಡಬ್ಬಿ ತಂದು ಮತ್ತೆ ಬರೆದುಕೊಟ್ಟೆ.

ಅವತ್ತು ಸಂಜೆ ಹಳೇ ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಕೆನೆ ಕಟ್ಟಿದ ಪ್ರತಿ ಡಬ್ಬಿಯ ಬಾಯಿಯೂ ಒಂದು ಕಡೆ ಚಪ್ಪಟೆಯಾಗಿತ್ತು. ಸ್ಕ್ರೂಡ್ರೈವರ್ ಇಟ್ಟು ಎತ್ತಿದ ಜಾಗ ಅದು. ನಾವು ಬಳಸುವ ಎನಾಮಲ್ ಪೇಂಟ್, ಅಂದರೆ ಎಣ್ಣೆ ಬಣ್ಣ, ಬರೀ ತೇವ ಆರಿ ಒಣಗುವುದಿಲ್ಲ. ಅದರೊಳಗಿನ ಎಣ್ಣೆ ಅಂಶ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಆಮೇಲೆ ಟರ್ಪೆಂಟೈನ್‌ಗೂ ಕರಗುವುದಿಲ್ಲ. ಟ್ರೇಲರ್ ಮೇಲೆ ಬಣ್ಣ ಗಟ್ಟಿ ನಿಲ್ಲುವುದು ಇದೇ ಗುಣದಿಂದ. ಡಬ್ಬಿಯೊಳಗೆ ಗಾಳಿ ಹೋದರೆ ಅದೇ ಗುಣ ಬಣ್ಣವನ್ನು ಕೆಡಿಸುತ್ತದೆ. ಕೂದಲೆಳೆಯಷ್ಟು ಸಂದು ಸಾಕು.

ಡಬ್ಬಿಯ ಬಾಯಿಯನ್ನು ಒಂದು ಸಲ ಹತ್ತಿರದಿಂದ ನೋಡಿ. ಸುತ್ತಲೂ ಒಂದು ಸಣ್ಣ ಕಾಲುವೆ ಇದೆ. ಮುಚ್ಚಳದ ಕೆಳಗಿನ ಉಬ್ಬು ಆ ಕಾಲುವೆಯ ಪಕ್ಕದಲ್ಲಿ ಬಿಗಿಯಾಗಿ ಕೂರುತ್ತದೆ. ಕಾಲುವೆಯ ಒಡ್ಡು ಒಂದು ಕಡೆ ಒಡೆದರೆ ಏನಾಗುತ್ತದೆ ಅಂತ ತುಂಗಭದ್ರಾ ಎಡದಂಡೆ ಕಾಲುವೆ ನೀರು ಉಣ್ಣುವ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಕ್ರೂಡ್ರೈವರ್‌ನ ಸರಳು ದುಂಡಗಿದೆ. ಎಲ್ಲ ಭಾರವನ್ನೂ ಅಂಚಿನ ಒಂದೇ ಬಿಂದುವಿನ ಮೇಲೆ ಹಾಕುತ್ತದೆ. ತಗಡು ಅಲ್ಲೇ ಮಡಚಿಕೊಳ್ಳುತ್ತದೆ. ಕೊಕ್ಕಿಯ ಚಪ್ಪಟೆ ಮೂತಿ ಮುಚ್ಚಳದ ಅಂಚಿನ ಕೆಳಗೆ ಅಗಲವಾಗಿ ಕೂರುತ್ತದೆ, ಅದರ ಬೆನ್ನು ಡಬ್ಬಿಯ ಅಂಚಿನ ಮೇಲೆ ಅಗಲವಾಗಿ ಕೂರುತ್ತದೆ. ಹಿಡಿಯನ್ನು ಕೆಳಗೆ ಒತ್ತಿದರೆ ಮೂತಿ ಮೇಲೆ ಬರುತ್ತದೆ. ಕಲ್ಲು ಎಬ್ಬಿಸುವ ಹಾರೆಯ ಲೆಕ್ಕವೇ. ಮೂತಿ ಅರ್ಧ ಸೆಂಟಿಮೀಟರ್, ಹಿಡಿ 10 ಸೆಂಟಿಮೀಟರ್ ಅಂದರೆ ಕೈ ಒತ್ತಿದ್ದರ 20 ಪಟ್ಟು ಬಲ ಮುಚ್ಚಳಕ್ಕೆ ಸಿಗುತ್ತದೆ. ಎರಡು ಬೆರಳಲ್ಲಿ ಒತ್ತಿದರೂ ಸಾಕು.

ಆದರೆ ಒಂದೇ ಕಡೆ ಒತ್ತಿ ಎತ್ತಬಾರದು. ಕೊಕ್ಕಿ ಇದ್ದರೂ ಜನ ತಪ್ಪುವುದು ಇಲ್ಲೇ. ನಾನು ಮಾಡುವುದು ಹೀಗೆ. ಡಬ್ಬಿಯನ್ನು ನೆಲದ ಮೇಲೆ ಇಡುತ್ತೇನೆ, ಕೈಯಲ್ಲಿ ಎತ್ತಿ ಹಿಡಿಯುವುದಿಲ್ಲ. ಕೊಕ್ಕಿ ಸಿಕ್ಕಿಸಿ ಸ್ವಲ್ಪ ಒತ್ತುತ್ತೇನೆ. ಟಿಕ್ ಅಂತ ಸಣ್ಣ ಸದ್ದು. ಮುಚ್ಚಳ ಇನ್ನೂ ಎದ್ದಿರುವುದಿಲ್ಲ, ಬರೀ ಸಡಿಲವಾಗಿರುತ್ತದೆ. ಎರಡು ಬೆರಳಿನಷ್ಟು ಡಬ್ಬಿ ತಿರುಗಿಸಿ ಮತ್ತೆ ಟಿಕ್. ಹೀಗೆ ಸುತ್ತಲೂ ಏಳೆಂಟು ಕಡೆ. ಎರಡನೇ ಸುತ್ತಿಗೆ ಮುಚ್ಚಳ ತಾನಾಗಿಯೇ ಮೇಲೆ ಬರುತ್ತದೆ, ಎಲ್ಲಿಯೂ ಸೊಟ್ಟಗಾಗಿರುವುದಿಲ್ಲ. ಒಟ್ಟು ಅರ್ಧ ನಿಮಿಷವೂ ಆಗುವುದಿಲ್ಲ.

ಬ್ರಶ್ಶನ್ನು ಅಂಚಿಗೆ ಒರೆಸಿದಾಗ ಆ ಕಾಲುವೆಯಲ್ಲಿ ಬಣ್ಣ ನಿಲ್ಲುತ್ತದೆ. ಅದು ಒಣಗಿದರೆ ಮುಚ್ಚಳ ಅಂಟಿಕೊಂಡು ಮುಂದಿನ ಸಲ ಯಾವ ಕೊಕ್ಕಿಗೂ ಬಗ್ಗುವುದಿಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದರು ಇದಕ್ಕೆ ಕಾಲುವೆಯ ತಳದಲ್ಲಿ ಮೊಳೆಯಿಂದ ನಾಲ್ಕೈದು ತೂತು ಹೊಡೆಯುತ್ತಿದ್ದರು. ನಿಂತ ಬಣ್ಣ ಒಳಗೇ ಇಳಿದುಹೋಗುತ್ತದೆ. ಮುಚ್ಚಳ ಕೂತಾಗ ತೂತುಗಳೂ ಅದರ ಅಡಿಗೇ ಬರುತ್ತವೆ. "ಬಾಯಿ ಕೆಡಿಸಬ್ಯಾಡಲೇ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆಗ ಅದು ಬೈಗುಳ ಅಂತ ಕೇಳಿಸುತ್ತಿತ್ತು, ಕಾರಣ ಕೇಳಲಿಲ್ಲ. ನಮ್ಮ ಹುಡುಗನಿಗೆ ಈಗ ನಾನು ಕಾರಣ ಸಮೇತ ಹೇಳುತ್ತೇನೆ.

ಮುಚ್ಚುವಾಗ ಕಾಲುವೆಯನ್ನು ಬಟ್ಟೆಯಿಂದ ಒರೆಸಿ, ಮುಚ್ಚಳದ ಮೇಲೆ ಒಂದು ಹಲಗೆ ತುಂಡು ಇಟ್ಟು, ಹಲಗೆಗೆ ಮೆಲ್ಲಗೆ ತಟ್ಟಬೇಕು. ಸುತ್ತಿಗೆಯಿಂದ ನೇರವಾಗಿ ಮುಚ್ಚಳಕ್ಕೆ ಹೊಡೆದರೆ ಕೊಕ್ಕಿಯಿಂದ ಉಳಿಸಿದ್ದನ್ನೆಲ್ಲ ಕಳೆದುಕೊಂಡ ಹಾಗೆ.

ಇದನ್ನೆಲ್ಲ ಹೇಳುತ್ತಿದ್ದಾಗ ಮಗಳು ಫೋನಿನಲ್ಲಿ ಹುಡುಕಿ ಒಂದು ವಿಷಯ ಓದಿ ಹೇಳಿದಳು. ಮತ್ತೆ ಮುಚ್ಚಬಹುದಾದ ಪೇಂಟ್ ಡಬ್ಬಿಗೆ ಅಮೆರಿಕದ ಹೆನ್ರಿ ಶೆರ್ವಿನ್ ಅನ್ನುವವರು 1877ರಲ್ಲಿ ಪೇಟೆಂಟ್ ಪಡೆದರಂತೆ. ಕೇಳಿ ಖುಷಿಯಾಯಿತು. ಆ ಮನುಷ್ಯನಿಗೂ ಬೇಕಿದ್ದದ್ದು ಉಳಿದ ಬಣ್ಣ ನಾಳೆಗೆ ಬರಬೇಕು ಅನ್ನುವುದೇ.

ಇನ್ನು ಬಾಳಿಕೆ. 6 ವರ್ಷದಲ್ಲಿ ಮೂರು ಕೊಕ್ಕಿ ನೋಡಿದ್ದೇನೆ. ಮೊದಲನೆಯದು ಪೇಂಟ್ ಕೊಂಡಾಗ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ತಂತಿ ತೆಳ್ಳಗಿತ್ತು. ಒಂದೂವರೆ ವರ್ಷಕ್ಕೆ ಮೂತಿ ಬಿಚ್ಚಿಕೊಂಡು ನೆಟ್ಟಗಾಯಿತು. ಮನೆಗೆ ವರ್ಷಕ್ಕೊಂದು ಸಲ ಬಣ್ಣ ಹೊಡೆಸುವವರಿಗೆ ಅದೇ ಸಾಕು. ಎರಡನೆಯದನ್ನು ಹಾರ್ಡ್‌ವೇರ್ ಅಂಗಡಿಯವರೊಬ್ಬರು ಹೊಗಳಿ ಹೊಗಳಿ 90 ರೂಪಾಯಿಗೆ ಕೊಟ್ಟರು. ಪ್ಲಾಸ್ಟಿಕ್ ಹಿಡಿ, ನೋಡಲು ಚೆಂದ. ಬಣ್ಣ ತೆಳು ಮಾಡುವ ಥಿನ್ನರ್ ತಾಗಿ ಎರಡೇ ತಿಂಗಳಲ್ಲಿ ಹಿಡಿ ಅಂಟಂಟಾಯಿತು, ಆಮೇಲೆ ಸಡಿಲವಾಗಿ ಕೈಗೇ ಬಂತು. ವಾಪಸ್ ತೆಗೆದುಕೊಂಡು ಹೋದರೆ, "ಥಿನ್ನರ್ ಹತ್ರ ಯಾಕ ಇಟ್ರಿ" ಅಂದರು. ಪೇಂಟ್ ಸಾಮಾನು ಥಿನ್ನರ್ ಹತ್ತಿರ ಇಡದೆ ಇನ್ನೆಲ್ಲಿ ಇಡಬೇಕು? ಇದಕ್ಕೆ ಮಾತ್ರ ನನಗೆ ಇವತ್ತಿಗೂ ಬೇಸರವಿದೆ. ಪ್ಲಾಸ್ಟಿಕ್ ಹಿಡಿಯದನ್ನು ದಯವಿಟ್ಟು ಕೊಳ್ಳಬೇಡಿ.

ಮೂರನೆಯದೇ ಈಗಿರುವ 30 ರೂಪಾಯಿಯದು. ನಾಲ್ಕು ವರ್ಷ ದಾಟಿತು. ಇಡೀ ಉಕ್ಕು, ಯಾವ ಜೋಡಣೆಯೂ ಇಲ್ಲ. ಮೈತುಂಬ ಬಣ್ಣ ಮೆತ್ತಿಕೊಂಡಿದೆ, ಅದರಿಂದಲೋ ಏನೋ ತುಕ್ಕು ಹಿಡಿದಿಲ್ಲ. ಮೂತಿಯನ್ನು ಮಾತ್ರ ಆಗಾಗ ಒರೆಸಿ ಸ್ವಚ್ಛ ಇಡುತ್ತೇನೆ. ಅಲ್ಲಿ ಬಣ್ಣ ಗಟ್ಟಿಯಾದರೆ ಮುಚ್ಚಳದ ಕೆಳಗೆ ಹೋಗುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಎರಡೂ ತುದಿ ಹಿಡಿದು ಬಗ್ಗಿಸಿ ನೋಡಿ. ಕೈಗೆ ಬಗ್ಗಿದರೆ ಬೇಡ. ಉಂಗುರ ಇರುವುದನ್ನೇ ತೆಗೆದುಕೊಳ್ಳಿ. ಅದಕ್ಕೆ ದಾರ ಕಟ್ಟಿ ಮೊಳೆಗೆ ನೇತು ಹಾಕಬಹುದು. ಇಷ್ಟು ಸಣ್ಣ ಸಾಮಾನು ಕೆಡುವುದಕ್ಕಿಂತ ಕಳೆಯುವುದೇ ಜಾಸ್ತಿ.

ಅಡಿಗೆ ಮನೆಗೂ ಬರುತ್ತದಾ ಅಂತ ಕೆಲವರು ಕೇಳಿದ್ದಾರೆ. ಹಾಲಿನ ಪುಡಿ, ತುಪ್ಪದಂಥವು ಕೆಲವು ಇದೇ ಥರ ಒಳಗೆ ಕೂರುವ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಬರುತ್ತವೆ. ಅವಕ್ಕೆ ಚೆನ್ನಾಗಿ ಬರುತ್ತದೆ. ಆದರೆ ಅದಕ್ಕೆ ಬೇರೆಯದೇ ಒಂದು ಕೊಕ್ಕಿ ಇಡಿ. ಪೇಂಟ್ ಮೆತ್ತಿದ್ದನ್ನು ಉಣ್ಣುವ ಸಾಮಾನಿಗೆ ತಾಗಿಸಬಾರದು. ಮನೆ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್‌ನಿಂದ ಜಾರಿಗೆ ತಂದಿದೆ. ಅದಕ್ಕಿಂತ ಹಳೇ ಡಬ್ಬಿಗಳಲ್ಲಿ ಎಷ್ಟಿತ್ತೋ ಯಾರಿಗೆ ಗೊತ್ತು. ನನ್ನ ಹೆಂಡತಿ ಇದರಲ್ಲಿ ಬಹಳ ಕಟ್ಟುನಿಟ್ಟು. "ಬಣ್ಣದ್ದು ಬಾಗಿಲಾಚೆನೇ ಇರಲಿರಿ" ಅಂತಾಳೆ. ಅವಳು ಹೇಳುವುದು ಸರಿ.

ಅವಳ ಸ್ಟೀಲ್ ಡಬ್ಬಿಗಳಿಗೆ ಮಾತ್ರ ಈ ಕೊಕ್ಕಿ ಉಪಯೋಗವಿಲ್ಲ. ಅವುಗಳ ಮುಚ್ಚಳ ಹೊರಗಿನಿಂದ ಟೋಪಿಯ ಹಾಗೆ ಕೂರುತ್ತದೆ. ಕೊಕ್ಕಿಯ ಬೆನ್ನು ಊರಲು ಅಂಚೇ ಸಿಗುವುದಿಲ್ಲ, ಬರೀ ಗೀರು ಬೀಳುತ್ತದೆ. ಒಗ್ಗರಣೆ ಅವಲಕ್ಕಿ, ಗುರೆಳ್ಳು ಚಟ್ನಿಪುಡಿ ಬಿಸಿ ಇದ್ದಾಗಲೇ ತುಂಬಿ ಮುಚ್ಚಿದರೆ, ಒಳಗಿನ ಗಾಳಿ ಆರಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಳದ ಮೇಲೆ ಒಂದು ನಿಮಿಷ ಸುತ್ತಿ ಇಡಿ. ಮುಚ್ಚಳ ಹಿಗ್ಗುತ್ತದೆ, ಒಳಗಿನ ಗಾಳಿಯೂ ಹಿಗ್ಗುತ್ತದೆ, ಕೈಗೇ ಬರುತ್ತದೆ.

ನಮ್ಮ ಕಡೆಯ ಬೇಸಿಗೆಯ ಬಗ್ಗೆಯೂ ಒಂದು ಮಾತು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಡಬ್ಬಿ ಮುಟ್ಟಿದರೆ ಸುಡುತ್ತದೆ. ಒಳಗೆ ಆವಿ ತುಂಬಿ ಒತ್ತುತ್ತಿರುತ್ತದೆ. ಮೊದಲ ಟಿಕ್‌ಗೇ ಪುಸ್ ಅಂತ ಬಣ್ಣ ಮುಖಕ್ಕೆ ಸಿಡಿಯಬಹುದು. ನಮ್ಮ ಹುಡುಗನ ಹುಬ್ಬಿಗೆ ಒಂದು ಸಲ ಸಿಡಿಯಿತು, ಪುಣ್ಯಕ್ಕೆ ಕಣ್ಣು ಉಳಿಯಿತು. ಅವತ್ತಿನಿಂದ ಡಬ್ಬಿಗಳನ್ನು ರಾತ್ರಿಯೇ ಮರಳಿನ ಮೇಲೆ ನೆರಳಲ್ಲಿ ಇಡುತ್ತೇವೆ. ತೆಗೆಯುವಾಗ ಮುಚ್ಚಳದ ಮೇಲೆ ಹಳೇ ಬಟ್ಟೆ ಹಾಕಿ, ಬಟ್ಟೆಯ ಅಂಚಿನಿಂದ ಕೊಕ್ಕಿ ತೂರಿಸುತ್ತೇವೆ. ಹತ್ತಿರ ಬೀಡಿ ಸೇದಲು ಯಾರನ್ನೂ ಬಿಡುವುದಿಲ್ಲ.

ಬೆಲೆಗೆ ತಕ್ಕುದಾ ಅಂತ ಕೇಳಿದರೆ, ಹಾಳಾದ ಒಂದು ಸಣ್ಣ ಹಳದಿ ಡಬ್ಬಿಯ ದುಡ್ಡಲ್ಲಿ ಎರಡು ಮೂರು ಕೊಕ್ಕಿ ಬರುತ್ತವೆ. ಈಗ ವರ್ಷದಲ್ಲಿ ಎಸೆಯುವ ಡಬ್ಬಿ ಒಂದೋ ಎರಡೋ. ಮೊದಲು ತಿಂಗಳಿಗೆ ಅಷ್ಟಿತ್ತು.

ಈ ಸಲ ಕಾರ ಹುಣ್ಣಿಮೆಯ ದಿನ ಬೆಳಿಗ್ಗೆ ಪಕ್ಕದ ಕ್ಯಾಂಪ್ ಊರಿನ ರೈತರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. "ಎತ್ತಿನ ಕೋಡಿಗೆ ಹಚ್ಚಾಕ ಒಂಚೂರು ಕೆಂಪು ಐತೇನಪ್ಪಾ? ಅಂಗಡಿ ಇನ್ನಾ ತಗದಿಲ್ಲ" ಅಂದರು. ದಸರಾಕ್ಕೆ ಬಳಸಿ ಉಳಿದಿದ್ದ 200 ಮಿಲಿಯ ಡಬ್ಬಿ ಮೂಲೆಯಲ್ಲಿತ್ತು. ಎಂಟು ತಿಂಗಳು ಕಳೆದಿತ್ತು. ಕೊಕ್ಕಿಯನ್ನು ಆ ಹುಡುಗನ ಕೈಗೆ ಕೊಟ್ಟು ಹೇಗೆ ತಿರುಗಿಸಬೇಕು ಅಂತ ತೋರಿಸಿದೆ. ಟಿಕ್, ಟಿಕ್ ಅಂತ ಸುತ್ತು ಹಾಕಿದ. ಮುಚ್ಚಳ ಎತ್ತಿ, "ಅಜ್ಜಾ, ನನ್ನ ಮಕ ಕಾಣಸ್ತೈತಿ" ಅಂದ. ನಾನೂ ಬಗ್ಗಿ ನೋಡಿದೆ. ಎಲ್ಲೂ ಕೆನೆ ಇರಲಿಲ್ಲ.