ಡಿಎಕ್ಸ್7 ಜೊತೆ ಮೈಡೋ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಸೋದರಮಾವ ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಮನೆಗೆ ಬರುತ್ತಿದ್ದದ್ದು ಬೆಳಗಿನ ಜಾವಕ್ಕೇ. ಅವರ ಯಮಾಹಾ ಡಿಎಕ್ಸ್7 ಕೀಬೋರ್ಡ್ ಈಗ ಬಸವನಗುಡಿಯ ನಮ್ಮ ಮನೆಯಲ್ಲಿದೆ. 1983ರಲ್ಲಿ ಬಂದ ಮಾಡೆಲ್. ಒಳಗೆ 32 ಸೌಂಡ್‌ಗಳಿಗೆ ಜಾಗ. ಅದರಲ್ಲಿ ಹನ್ನೆರಡು ಮಾವ ತಾವೇ ರಾತ್ರಿಯೆಲ್ಲ ಕೂತು ಮಾಡಿದ್ದು. ಓಲಗದ ಸೌಂಡ್ ಒಂದಿದೆ. ಕೇಳಿದರೆ ಧಾರೆ ಹೊತ್ತಿಗೆ ಛತ್ರದಲ್ಲಿ ನಿಂತ ಹಾಗಾಗುತ್ತದೆ.

ಇವೆಲ್ಲ ಉಳಿದಿರುವುದು ಬೋರ್ಡಿಗೆ ಬೆಸುಗೆ ಹಾಕಿದ ಒಂದು 3 ವೋಲ್ಟ್ ಬ್ಯಾಟರಿಯಿಂದ. ಅದು ಖಾಲಿಯಾದರೂ ಹೋಯ್ತು, ಬದಲಾಯಿಸಲು ತೆಗೆದರೂ ಹೋಯ್ತು. "ಇನ್ನೊಂದ್ಸಲ ಮಾಡೋಕೆ ನನ್ನ ಕೈಲಿ ಆಗಲ್ಲ ಕಣೋ" ಅಂದರು ಮಾವ. ಬ್ಯಾಟರಿ ತೆಗೆಯುವ ಮೊದಲು ಸೌಂಡ್‌ಗಳನ್ನು ಲ್ಯಾಪ್‌ಟಾಪ್‌ಗೆ ತೆಗೆದಿಡೋಣ ಅಂತ ಆಗಲೇ ಮೈಡೋ ಹುಡುಕಿಕೊಂಡಿದ್ದು.

ಮಿಡಿ ಅಂದರೆ ಕೀಬೋರ್ಡ್, ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಭಾಷೆ. ಆ ಸಂದೇಶಗಳನ್ನು ಕಳಿಸಲು, ಪಡೆಯಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇರುವ ಲೈಬ್ರರಿ (ಸಿದ್ಧ ಕೋಡ್) ಮೈಡೋ. ಉಚಿತ. ಜೊತೆಗೆ ಪೈಥಾನ್-ಆರ್‌ಟಿಮಿಡಿ ಎಂಬ ಇನ್ನೊಂದು ಲೈಬ್ರರಿ ಹಾಕಿಕೊಂಡರೆ ಲ್ಯಾಪ್‌ಟಾಪ್‌ನ ಮಿಡಿ ಪೋರ್ಟ್ ತೆರೆಯುತ್ತದೆ. ಸೌಂಡ್ ಪಡೆದು ಫೈಲ್ ಮಾಡುವ ನನ್ನ ಪ್ರೋಗ್ರಾಂ ಇಪ್ಪತ್ತು ಸಾಲೂ ಇಲ್ಲ. ಡಿಎಕ್ಸ್7ನಲ್ಲಿ ಫಂಕ್ಷನ್ ಒತ್ತಿ, 8ನೇ ಬಟನ್ ಒತ್ತುತ್ತಾ ಹೋಗಿ, 'ಸಿಸ್ ಇನ್ಫೋ' ಬಂದಾಗ ಯೆಸ್ ಕೊಡಬೇಕು. ಆಮೇಲೆ ಮತ್ತೆ 8 ಒತ್ತಿದರೆ 'ಮಿಡಿ ಟ್ರಾನ್ಸ್‌ಮಿಟ್' ಕೇಳುತ್ತದೆ. ಅದಕ್ಕೂ ಯೆಸ್. 32 ಸೌಂಡೂ ಒಟ್ಟಿಗೆ 4104 ಬೈಟ್‌ಗಳಾಗಿ ಹೊರಡುತ್ತವೆ. ಶುರುವಿನ ಮತ್ತು ಕೊನೆಯ ಬೈಟನ್ನು ಮೈಡೋ ತಾನೇ ನೋಡಿಕೊಳ್ಳುತ್ತದೆ, ಹಾಗಾಗಿ ಡೇಟಾದಲ್ಲಿ 4102 ಕಾಣಿಸುತ್ತದೆ. ಎರಡು ಕಡಿಮೆ ಬಂತು ಅಂತ ಗಾಬರಿ ಬೇಡ.

ನನಗೆ ಕಾಟ ಕೊಟ್ಟಿದ್ದು ಕೇಬಲ್. ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಕ್ಕ ಹೆಸರಿಲ್ಲದ ಯುಎಸ್‌ಬಿ ಮಿಡಿ ಕೇಬಲ್ ತಂದಿದ್ದೆ. ಸ್ವರ ನುಡಿಸಿದರೆ ಎಲ್ಲ ಸರಿ. ಉದ್ದದ ಸಂದೇಶ ಬಂದರೆ ಮಾತ್ರ ಮಧ್ಯದಲ್ಲೇ ನುಂಗಿಬಿಡುತ್ತಿತ್ತು. ಒಮ್ಮೆ ಎರಡು ಸಾವಿರ ಬೈಟ್, ಇನ್ನೊಮ್ಮೆ ಮೂರು ಸಾವಿರ. ನನ್ನ ಕೋಡ್‌ನಲ್ಲೇ ತಪ್ಪಿದೆ ಅಂತ ಎರಡು ವಾರ ತಿದ್ದಿದೆ. ಕೊನೆಗೆ ಗೆಳೆಯನ ಸ್ಟುಡಿಯೋದಿಂದ ಕೀಬೋರ್ಡನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಒಳ್ಳೆಯ ಮಿಡಿ ಇಂಟರ್‌ಫೇಸ್ ತಂದು ಹಾಕಿದೆ. ಮೊದಲ ಸಲಕ್ಕೇ ಪೂರ್ತಿ ಬಂತು. ಮಿಡಿ ವೇಗ ಸೆಕೆಂಡಿಗೆ 3125 ಬೈಟ್, ಅಂದರೆ ಈ ಫೈಲ್‌ಗೆ ಸುಮಾರು 1.3 ಸೆಕೆಂಡ್ ಬೇಕೇ ಬೇಕು. ಹಣ ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ, ಕೇಬಲ್‌ನಲ್ಲಿ ಬೇಡ.

ಫೈಲ್ ಬಂದಿದೆ ಅಂತ ಸುಮ್ನೆ ನಂಬಬೇಡಿ, ಡೇಟಾ ಸರಿಯಾಗಿ ಬಂತೇ ಅಂತ ಪರೀಕ್ಷಿಸುವ ಲೆಕ್ಕ, ಅಂದರೆ ಚೆಕ್‌ಸಮ್ ನೋಡಿ. ಸೌಂಡ್‌ಗಳ 4096 ಬೈಟ್‌ಗಳನ್ನೂ ಅವುಗಳ ನಂತರದ ಚೆಕ್‌ಸಮ್ ಬೈಟನ್ನೂ ಕೂಡಿ, 128ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಪೈಥಾನ್‌ನಲ್ಲಿ ಒಂದೇ ಸಾಲು. ನಾನು ಮೂರು ಸಲ ಪಡೆದು, ಮೂರೂ ಫೈಲ್ ಒಂದೇ ಇವೆ ಅಂತ ಹೋಲಿಸಿದ ಮೇಲೇ ರಿಪೇರಿಯವರಿಗೆ ಬ್ಯಾಟರಿ ತೆಗೆಯಲು ಹೇಳಿದೆ.

ಹೊಸ ಬ್ಯಾಟರಿ ಹಾಕಿದಾಗ ಹಳೆಯ ಸೌಂಡ್ ಒಂದೂ ಇರಲಿಲ್ಲ. ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಿ ಫೈಲ್ ಕಳಿಸಿದೆ. ಇದನ್ನು ಮರೆತರೆ ಡಿಎಕ್ಸ್7 ಏನನ್ನೂ ಉಳಿಸಿಕೊಳ್ಳುವುದಿಲ್ಲ. ಮಾವ ಹತ್ತು ಅಕ್ಷರದ ಮಿತಿಯೊಳಗೆ ಇಂಗ್ಲಿಷಿನಲ್ಲಿ ಬರೆದಿದ್ದ 'ಓಲಗ' ಪುಟ್ಟ ಪರದೆಯ ಮೇಲೆ ಮತ್ತೆ ಬಂತು. ಅವರು ಕುರ್ಚಿ ಎಳೆದುಕೊಂಡು ಕೂತರು. ಒಂದು ಗಂಟೆ ಏಳಲಿಲ್ಲ.

ಈಗ ಜಾಸ್ತಿ ಬಳಸುವುದು ಒಂದೇ ಸೌಂಡ್ ಕಳಿಸುವ ದಾರಿ. 163 ಬೈಟ್, ನೇರ ಎಡಿಟ್ ಬಫರ್‌ಗೆ (ಸೌಂಡ್ ತಿದ್ದುವ ತಾತ್ಕಾಲಿಕ ಜಾಗಕ್ಕೆ) ಹೋಗುತ್ತದೆ, ಉಳಿಸಿದ ಸೌಂಡ್‌ಗಳಿಗೆ ತೊಂದರೆ ಇಲ್ಲ. ಮಾವ ಪಕ್ಕದಲ್ಲಿ ಕೂತು "ಇನ್ನೂ ಸ್ವಲ್ಪ ಮೂಗಿನಲ್ಲಿ ಬರಲಿ" ಅನ್ನುತ್ತಾರೆ, ನಾನು ಒಂದು ಅಂಕಿ ಬದಲಿಸಿ ಮತ್ತೆ ಕಳಿಸುತ್ತೇನೆ. ಓಲಗ ಮುಗಿದಿದೆ. ಈಗ ಶ್ರುತಿಪೆಟ್ಟಿಗೆ ಮಾಡುತ್ತಿದ್ದೇವೆ.