ಕೊಡಗಿನ ಮಳೆಗಾಲಕ್ಕೆ ಒಂದು ವೈರ್‌ಲೆಸ್ ಹೆಡ್‌ಸೆಟ್: ಆರ್ಕ್ಟಿಸ್ ನೋವಾ 7 ಬಳಸಿ ನೋಡಿದ್ದು

ಗೇಮ್ ಆಡೋದಕ್ಕೂ ಬೇಕು, ಹಾಡು ಕೇಳೋದಕ್ಕೂ ಬೇಕು, ಒಂದೇ ಹೆಡ್‌ಸೆಟ್ ಸಾಕು ಅನ್ನುವವರು ಮೊದಲು ನೋಡಬೇಕಾದದ್ದು ಡ್ರೈವರ್, ಅಂದರೆ ಒಳಗಿನ ಸ್ಪೀಕರ್, ಎಷ್ಟು ಎಂಎಂ ಅಂತ ಅಲ್ಲ. ಡಬ್ಬದಲ್ಲಿ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿದರೆ ಹೆಡ್‌ಸೆಟ್ಟಿಗೆ ವೈರ್ ಇಲ್ಲದೆ ಶಬ್ದ ಕಳಿಸುವ ಸಣ್ಣ ತುಂಡು) ಬರುತ್ತದಾ, ಅದರ ಜೊತೆ ಬ್ಲೂಟೂತ್ ಕೂಡ ಇದೆಯಾ ಅಂತ ನೋಡಿ. ಎರಡೂ ಇರಲೇಬೇಕು. ನಮ್ಮ ಮನೆ ಸಿದ್ದಾಪುರದ ಕಡೆ, ತೋಟದ ಒಳಗೆ. ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ 7 ತಗೊಂಡ ಮೇಲೆ ಒಂದು ಮಳೆಗಾಲ ಕಳೆಯಿತು, ಕಾಫಿ ಕೊಯ್ಲು ಮುಗಿಯಿತು, ಈಗ ಮತ್ತೆ ಮಳೆ ಹಿಡಿದಿದೆ. ಸುಮಾರಾಗಿ ದಿನಾ ಕಿವಿ ಮೇಲೆ ಇದ್ದೇ ಇರುತ್ತದೆ.

ಡಾಂಗಲ್ ಯಾಕೆ ಬೇಕು ಅಂದರೆ, ಸಾಧಾರಣ ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ. ನೂರೈವತ್ತು, ಇನ್ನೂರು ಮಿಲಿಸೆಕೆಂಡ್ ತಡ ಆಗೋದು ಮಾಮೂಲು. ಹಾಡಿಗೆ ಅದು ಲೆಕ್ಕಕ್ಕೇ ಇಲ್ಲ, ಸಿನಿಮಾ ನೋಡುವಾಗ ಆ್ಯಪ್‌ಗಳೇ ಸರಿಹೊಂದಿಸಿಕೊಳ್ಳುತ್ತವೆ. ಆದರೆ ವ್ಯಾಲೊರಂಟ್‌, ಬಿಜಿಎಂಐ ಥರದ ಗುಂಡು ಹಾರಿಸುವ ಗೇಮ್‌ಗಳಲ್ಲಿ ಎದುರಾಳಿಯ ಹೆಜ್ಜೆ ಸದ್ದು ಅಷ್ಟು ತಡವಾಗಿ ಕೇಳಿದರೆ ಅವನು ಆಗಲೇ ಬಾಗಿಲು ದಾಟಿ ಬಂದಿರುತ್ತಾನೆ. 2.4 ಗಿಗಾಹರ್ಟ್ಜ್ ಡಾಂಗಲ್‌ನಲ್ಲಿ ಈ ತಡ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಹೆಚ್ಚಿನ ಬ್ಲೂಟೂತ್ ಹೆಡ್‌ಸೆಟ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿ ಮೈಕ್ ಆನ್ ಮಾಡಿದ ತಕ್ಷಣ ಅದು ಫೋನ್ ಕಾಲಿನ ಮೋಡ್‌ಗೆ ಹೋಗುತ್ತದೆ, ಸ್ಟೀರಿಯೋ ಹೋಗಿ ಎಲ್ಲಾ ಡಬ್ಬದೊಳಗಿನ ಶಬ್ದದ ಹಾಗೆ ಕೇಳುತ್ತದೆ. ಹೆಡ್‌ಸೆಟ್ ಹಾಳಾಗಿದೆ ಅಂತ ಎಷ್ಟೋ ಜನ ವಾಪಸ್ ಕಳಿಸುತ್ತಾರೆ. ಹಾಳಾಗಿರುವುದಿಲ್ಲ, ಬ್ಲೂಟೂತ್ ಕೆಲಸ ಮಾಡುವ ರೀತಿಯೇ ಹಾಗೆ. ಎಲ್‌ಇ ಆಡಿಯೋ ಅನ್ನುವ ಹೊಸ ಥರದ ಬ್ಲೂಟೂತ್ ಬಂದ ಮೇಲೆ ಇದು ಸುಧಾರಿಸುತ್ತಿದೆ, ಆದರೆ ಅದಕ್ಕೆ ಹೆಡ್‌ಸೆಟ್ಟೂ ಕಂಪ್ಯೂಟರೂ ಎರಡೂ ಹೊಸದಾಗಿರಬೇಕು.

ನೋವಾ 7ರಲ್ಲಿ ನನಗೆ ತುಂಬಾ ಇಷ್ಟವಾದದ್ದು ಎರಡೂ ಒಟ್ಟಿಗೆ ನಡೆಯುವುದು. ಡಾಂಗಲ್‌ನಲ್ಲಿ ಗೇಮ್, ಬ್ಲೂಟೂತ್‌ನಲ್ಲಿ ಫೋನ್. ಅಪ್ಪ ಕಣದಿಂದ ಫೋನ್ ಮಾಡಿ "ಮೋಡ ಕಟ್ಟುತ್ತಿದೆ, ಬೇಗ ಬಾ, ಟಾರ್ಪಾಲ್ ಹಾಕಬೇಕು" ಅಂದರೆ ಹೆಡ್‌ಸೆಟ್ ತೆಗೆಯದೆ ಅಲ್ಲೇ ಮಾತಾಡಿ ಎದ್ದು ಓಡಬಹುದು. ಡಾಂಗಲ್ ಟೈಪ್-ಸಿ, ಹಾಗಾಗಿ ಫೋನಿಗೂ ನೇರವಾಗಿ ಚುಚ್ಚಬಹುದು. ಬಿಜಿಎಂಐ ಆಡುವವರಿಗೆ ಇದು ದೊಡ್ಡ ಅನುಕೂಲ, ಆದರೆ ಆಗ ಚಾರ್ಜಿಂಗ್ ಪೋರ್ಟ್ ಅದಕ್ಕೇ ಹೋಗುತ್ತದೆ. ಪಿಎಸ್5 ಇರುವವರೂ ಇದನ್ನು ಗಮನಿಸಿ, ಅದು ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ತಗೊಳ್ಳುವುದೇ ಇಲ್ಲ, ಡಾಂಗಲ್ ಬೇಕೇ ಬೇಕು. ಎಕ್ಸ್‌ಬಾಕ್ಸ್‌ನವರು 7ಎಕ್ಸ್ ಅನ್ನುವ ಮಾಡೆಲ್ಲನ್ನೇ ಕೇಳಿ ತಗೊಳ್ಳಿ.

ಡಾಂಗಲನ್ನು ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕ ಚುಚ್ಚಬೇಡಿ. ಯುಎಸ್‌ಬಿ 3 ಎಬ್ಬಿಸುವ ಗಲಾಟೆ ಸರಿಯಾಗಿ 2.4 ಗಿಗಾಹರ್ಟ್ಜ್ ಮೇಲೆಯೇ ಬೀಳುತ್ತದೆ, ಶಬ್ದ ಕಡಿದು ಕಡಿದು ಬರುತ್ತದೆ. ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಮುಗಿಯಿತು.

ಈಗ ನಮ್ಮ ಮಳೆ. ನನ್ನ ಕೋಣೆ ಮೇಲೆ ಶೀಟ್ ಇದೆ, ಜುಲೈಯಲ್ಲಿ ಎದುರು ಕೂತವರ ಮಾತು ಕೇಳುವುದಿಲ್ಲ. ಇದಕ್ಕೆ ಎಎನ್‌ಸಿ (ಹೊರಗಿನ ಗಲಾಟೆಯನ್ನು ಹೆಡ್‌ಸೆಟ್ಟೇ ಅಡಗಿಸುವ ವ್ಯವಸ್ಥೆ) ಇರುವುದೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಎಎನ್‌ಸಿ ಚೆನ್ನಾಗಿ ಹಿಡಿಯುವುದು ಒಂದೇ ಸಮನೆ ಬರುವ ತಗ್ಗಿನ ಶಬ್ದವನ್ನು: ಬಸ್ಸಿನ ಇಂಜಿನ್, ಸ್ಪ್ರಿಂಕ್ಲರ್ ಪಂಪಿನ ಡೀಸೆಲ್ ಮೋಟರ್, ಅಂಥದ್ದು. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಕೀಚಲು ಶಬ್ದವೇ ಜಾಸ್ತಿ, ಅದನ್ನು ತಡೆಯುವುದು ಕಿವಿ ಸುತ್ತ ಕೂರುವ ಕುಶನ್. ನೋವಾ 7ರಲ್ಲಿ ಎಎನ್‌ಸಿ ಇಲ್ಲ, ಮಳೆಯ ಮಟ್ಟಿಗೆ ಅದರ ಕೊರತೆ ನನಗೆ ಅನ್ನಿಸಿಲ್ಲ. ದಿನಾ ಮಡಿಕೇರಿಯಿಂದ ಮೈಸೂರಿಗೆ ಬಸ್ಸಲ್ಲಿ ಓಡಾಡುವವರಾದರೆ ಮಾತು ಬೇರೆ. ಆಗ ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಥರದ್ದು ಹಿತ, 250 ಗ್ರಾಂ ತೂಕ, ಒಳ್ಳೆ ಎಎನ್‌ಸಿ. ಆದರೆ ಅದಕ್ಕೆ ಡಾಂಗಲ್ ಬರುವುದಿಲ್ಲ. ನೋವಾ 7 ತೂಗುವುದು 325 ಗ್ರಾಂ.

ಮಳೆ ನನಗೆ ಕೇಳದಿದ್ದರೂ ಟೀಮಿನವರಿಗೆ ಕೇಳುತ್ತದೆ. ಮೈಕನ್ನು ಬಾಯಿಯ ಪಕ್ಕಕ್ಕೇ ಎಳೆದುಕೊಳ್ಳಿ, ಟೀಮಿನವರ ಜೊತೆ ಮಾತಾಡುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಕ್ರಿಸ್ಪ್ (ಮೈಕಿಗೆ ಬರುವ ಹಿಂದಿನ ಗಲಾಟೆ ತೆಗೆಯುವ ಸೌಲಭ್ಯ) ಆನ್ ಮಾಡಿ. ಶೀಟ್ ಮೇಲೆ ಜಡಿಮಳೆ ಸುರಿಯುತ್ತಿದ್ದರೂ ನನ್ನ ಮಾತು ಸ್ಪಷ್ಟವಾಗಿ ಕೇಳುತ್ತದೆ ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಮೈಕ್ ಬೇಡದಿದ್ದಾಗ ಒಳಗೆ ತಳ್ಳಿಬಿಡಬಹುದು, ಹೊರಗೆ ಹಾಕಿಕೊಂಡು ಹೋದರೂ ಸಾಮಾನ್ಯ ಹೆಡ್‌ಫೋನ್ ಥರವೇ ಕಾಣುತ್ತದೆ.

ಬೂಷ್ಟು. ಕೊಡಗಿನಲ್ಲಿ ಹೆಡ್‌ಸೆಟ್ಟಿಗೆ ನಿಜವಾದ ಶತ್ರು ಇದು. ತಮ್ಮನ ಹತ್ತಿರ ಬೇರೆ ಕಂಪನಿಯದು ಒಂದಿತ್ತು, ರೆಕ್ಸಿನ್ ಕುಶನ್. ಆಗಸ್ಟ್ ಮುಗಿಯುವಾಗ ಹೊಲಿಗೆ ಗುಂಟ ಬೆಳ್ಳಗೆ ಬೂಷ್ಟು ಕೂತಿತ್ತು, ಒರೆಸಿದಾಗ ಮೇಲಿನ ಕಪ್ಪು ಪದರವೇ ಚೂರು ಚೂರಾಗಿ ಕೈಗೆ ಬಂತು, ಆಮೇಲೆ ಆ ಚೂರು ಕಿವಿ, ಕೂದಲು, ಕುತ್ತಿಗೆ ಎಲ್ಲಾ ಕಡೆ. ನೋವಾ 7ರದ್ದು ಬಟ್ಟೆಯ ಕುಶನ್. ಬಟ್ಟೆ ತೇವ ಹೀರುತ್ತದೆ, ಹೊರಗಿನ ಶಬ್ದವನ್ನೂ ರೆಕ್ಸಿನ್ನಿಗಿಂತ ಸ್ವಲ್ಪ ಜಾಸ್ತಿ ಬಿಡುತ್ತದೆ, ಆದರೆ ಸುಲಿಯುವುದಿಲ್ಲ. ನಾನು ಬಿಸ್ಕತ್ ಟಿನ್ನಿನಲ್ಲಿ ಸಿಲಿಕಾ ಜೆಲ್ ಹಾಕಿ ಅದರೊಳಗೆ ಇಡುತ್ತೇನೆ. ಬಟ್ಟೆ ಒಣಗಿಸುವ ಹಾಗೆ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಒಳಗಿರುವುದು ಲಿಥಿಯಂ ಬ್ಯಾಟರಿ, ಅದಕ್ಕೆ ಬಿಸಿ ಒಳ್ಳೆಯದಲ್ಲ.

ಕರೆಂಟ್ ವಿಷಯ ಹೇಳಬೇಕಾಗೇ ಇಲ್ಲ ಅಲ್ವಾ. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕತ್ತಲೆ. ಕಂಪನಿ ಹೇಳುವುದು 38 ಗಂಟೆ, ಹದಿನೈದು ನಿಮಿಷ ಚಾರ್ಜ್‌ಗೆ ಆರು ಗಂಟೆ. ಇನ್ವರ್ಟರ್ ಉಸಿರಾಡುತ್ತಿರುವಾಗ ಸ್ವಲ್ಪ ಹೊತ್ತು ಚುಚ್ಚಿಟ್ಟರೆ ಆ ದಿನಕ್ಕೆ ಸಾಕು. ಬರೀ ಬ್ಯಾಟರಿ ಮುಖ್ಯ ಅನ್ನುವವರಿಗೆ ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ ವೈರ್‌ಲೆಸ್ ಇದೆ, 300 ಗಂಟೆ ಅಂತಾರೆ, ಆದರೆ ಅದರಲ್ಲಿ ಬ್ಲೂಟೂತ್ ಇಲ್ಲ.

ಹಾಡಿಗೆ ಹೇಗಿದೆ? ನಾನು ಪರೀಕ್ಷೆ ಮಾಡುವುದು ದುಡಿ (ಕೊಡವರ ಸಣ್ಣ ಚರ್ಮವಾದ್ಯ) ಶಬ್ದದಿಂದ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹಾಡಿನ ರೆಕಾರ್ಡಿಂಗ್ ಹಾಕಿ, ದುಡಿಯ ಏಟು ಒಣಗಿದ ಹಾಗೆ, ಒಂದೊಂದೂ ಬೇರೆ ಬೇರೆಯಾಗಿ ಕೇಳಬೇಕು. ಬೇಸ್ ಏರಿಸಿದ ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ಎಲ್ಲಾ ಕಲಸಿ ಗುಂಯ್ ಅನ್ನುತ್ತದೆ. ಇದರಲ್ಲಿ ದುಡಿ ದುಡಿಯಾಗಿಯೇ ಕೇಳುತ್ತದೆ, ಹಾಡುವ ನಾಲ್ಕು ಜನರ ದನಿಯೂ ಸಿಗುತ್ತದೆ. ಗೇಮಿಗೆ ವಿಂಡೋಸ್‌ನಲ್ಲಿ ಸ್ಟೀಲ್‌ಸೀರೀಸ್‌ನವರದ್ದೇ ಸೋನಾರ್ ಆ್ಯಪ್ ಹಾಕಿಕೊಂಡು ಬೇಸ್ ಸ್ವಲ್ಪ ಇಳಿಸಿ, 2ರಿಂದ 4 ಕಿಲೋಹರ್ಟ್ಜ್ ನಡುವೆ ಸ್ವಲ್ಪ ಏರಿಸಿ, ಹೆಜ್ಜೆ ಸದ್ದು ಎದ್ದು ಕೇಳುತ್ತದೆ. ಆ ಸೆಟ್ಟಿಂಗ್ ಕಂಪ್ಯೂಟರಿನಲ್ಲಿ ಮಾತ್ರ, ಫೋನಿಗೆ ಬರುವುದಿಲ್ಲ.

ತೋಟದಲ್ಲಿ ಕೆಲಸ ಮಾಡುವಾಗ ಇಂಥ ಕಿವಿ ಮುಚ್ಚುವ ಹೆಡ್‌ಸೆಟ್ ದಯವಿಟ್ಟು ಹಾಕಬೇಡಿ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆ ಆನೆ ಯಾವಾಗ ಯಾವ ಲೈನಿನಿಂದ ಹೊರಗೆ ಬರುತ್ತದೆ ಹೇಳುವುದಕ್ಕೆ ಆಗುವುದಿಲ್ಲ, ಕೊಂಬೆ ಮುರಿಯುವ ಸದ್ದೇ ನಮಗೆ ಸಿಗುವ ಸೂಚನೆ. ಅಲ್ಲಿ ಒಂದು ಕಿವಿಗೆ ಸಣ್ಣ ಇಯರ್‌ಬಡ್, ಅದೂ ಮೆಲ್ಲಗೆ. ಕತ್ತಲಾದ ಮೇಲೆ ಅದೂ ಬೇಡ.

ಕೊನೆಗೆ, ತಗೊಳ್ಳುವಾಗ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬ ಬಿಸಾಡಬೇಡಿ. ವಾರಂಟಿಗೆ ಕೊರಿಯರ್ ಮಾಡಬೇಕಾಗಿ ಬಂದರೆ ಎರಡೂ ಬೇಕಾಗುತ್ತದೆ. ಆ ಮಾಡೆಲ್ಲಿನ ಕುಶನ್ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ನಮ್ಮ ಮಳೆಗೆ ಮೊದಲು ಹೋಗುವುದು ಅದೇ.